ಸಿಡ್ನಿ ಓಲೆ: ಈ ವರ್ಷ ಮೂರೇ ಬಟ್ಟಲು

ಸೆಪ್ಟೆಂಬರ್ ಬಂತೆಂದರೆ ಸಂಪಾದಕ ಮಿತ್ರರಿಂದ ವಾಟ್ಸಾಪ್‌ನಲ್ಲಿ ಒಂದೇ ಸಾಲು ಬರುತ್ತದೆ: "ಓಲೆ ಎಲ್ಲಿ?" ಶಾರ್ಜಾ ಬಿಟ್ಟು ಆರು ವರ್ಷವಾಯಿತು, ಆದರೂ ನಮ್ಮ ಸಂಘದ ವಾರ್ಷಿಕ ಸಂಚಿಕೆಯಲ್ಲಿ ನಮಗೊಂದು ಮೂಲೆ ಉಳಿಸಿಕೊಟ್ಟಿದ್ದಾರೆ. ಹೊಸದಾಗಿ ಸಂಘಕ್ಕೆ ಸೇರಿದವರಿಗಾಗಿ ಎರಡು ಮಾತು: ನಾವು ಎಂದರೆ ಗಂಡ ಹೆಂಡತಿ ಇಬ್ಬರೂ. ಒಬ್ಬರು ಹೇಳುತ್ತಾ ಹೋಗುತ್ತೇವೆ, ಇನ್ನೊಬ್ಬರು ಟೈಪ್ ಮಾಡುತ್ತಾ ತಿದ್ದುತ್ತೇವೆ. ಹದಿಮೂರು ವರ್ಷ ಶಾರ್ಜಾದಲ್ಲಿ ಮನೆ, ದುಬೈಯಲ್ಲಿ ಕೆಲಸ, ನಡುವೆ ಅಲ್ ಇತ್ತಿಹಾದ್ ರಸ್ತೆಯಲ್ಲಿ ಅರ್ಧ ಆಯುಷ್ಯ. 2019ರಲ್ಲಿ ಪರ್ಮನೆಂಟ್ ರೆಸಿಡೆನ್ಸಿ ಸಿಕ್ಕಿ ಸಿಡ್ನಿಗೆ ಬಂದೆವು. ಊರು ಪುತ್ತೂರಿನ ಕಡೆ. ಮಗಳು, ಮಗ ಇಬ್ಬರೂ ಹುಟ್ಟಿದ್ದು ಶಾರ್ಜಾದಲ್ಲಿ. ನಿಮ್ಮಲ್ಲಿ ಕೆಲವರು ಅವರ ನಾಮಕರಣದ ಊಟ ಉಂಡವರು.

ಕಳೆದ ಓಲೆ ಮುಗಿಸುವಾಗ ಮಗಳ ಹನ್ನೆರಡನೆಯ ತರಗತಿಯ ಪರೀಕ್ಷೆ ನಡೆಯುತ್ತಿತ್ತು. ಇಲ್ಲಿ ಅದಕ್ಕೆ ಎಚ್‌ಎಸ್‌ಸಿ ಎನ್ನುತ್ತಾರೆ. ಅಕ್ಟೋಬರ್‌ನಲ್ಲಿ ಶುರುವಾಗಿ ನವೆಂಬರ್‌ವರೆಗೆ ಎಳೆಯುತ್ತದೆ. ಅದೇ ಹೊತ್ತಿಗೆ ಸಿಡ್ನಿಯ ಬೀದಿಗಳಲ್ಲಿ ಜಕರಾಂಡಾ ಮರಗಳು ನೇರಳೆ ಹೂ ಸುರಿಸುತ್ತವೆ. ಹೂ ಬಿತ್ತೆಂದರೆ ಓದು ಮುಗಿಸಿರಬೇಕು ಎಂಬುದು ಇಲ್ಲಿನ ಮಕ್ಕಳ ಮಾತು. ಡಿಸೆಂಬರ್ ಮಧ್ಯಕ್ಕೆ ಫಲಿತಾಂಶ ಬಂತು. ಅಂಕ ಎಷ್ಟು ಎಂದು ಕೇಳಬೇಡಿ, ಬರೆಯಬಾರದೆಂದು ಅವಳ ಕಟ್ಟಪ್ಪಣೆ. ಬೇಕಾದ ಕೋರ್ಸ್ ಸಿಕ್ಕಿತು. ಆದರೆ ಅವಳು ಆರಿಸಿಕೊಂಡದ್ದು ಮೆಲ್ಬರ್ನನ್ನು.

ಮನೆಯಿಂದ ರೈಲಿನಲ್ಲಿ ಅರ್ಧ ಮುಕ್ಕಾಲು ಗಂಟೆಯೊಳಗೆ ಎರಡು ಮೂರು ವಿಶ್ವವಿದ್ಯಾಲಯಗಳಿವೆ. ಅದೆಲ್ಲ ಬಿಟ್ಟು ಸುಮಾರು 880 ಕಿಲೋಮೀಟರ್ ದೂರ ಯಾಕೆ ಎಂದು ನಮ್ಮಲ್ಲಿ ಒಬ್ಬರು ಕೇಳಿದೆವು. ಇನ್ನೊಬ್ಬರು ಕೇಳಲಿಲ್ಲ. "ನೀವು ಇಪ್ಪತ್ತನಾಲ್ಕಕ್ಕೆ ಪುತ್ತೂರು ಬಿಟ್ಟು ಶಾರ್ಜಾಕ್ಕೆ ಹೋದಾಗ ಅಜ್ಜ ಏನು ಕೇಳಿದ್ರು?" ಎಂದಳು. ಅಜ್ಜ ಏನೂ ಕೇಳಿರಲಿಲ್ಲ. ಬಜ್ಪೆ ವಿಮಾನ ನಿಲ್ದಾಣದಲ್ಲಿ ಒಂದು ಕಟ್ಟು ಹಲಸಿನ ಹಪ್ಪಳ ಕೈಗೆ ಕೊಟ್ಟು ಹಿಂದಿರುಗಿ ನೋಡದೆ ಜೀಪು ಹತ್ತಿದ್ದರು. ಮಾತು ಅಲ್ಲಿಗೆ ನಿಂತಿತು.

ಮಗಳಿಗೆ ರೂಮು ನೋಡುವ ನೆಪದಲ್ಲಿ ಡಿಸೆಂಬರ್ ಕೊನೆಗೆ ನಾಲ್ವರೂ ಮೆಲ್ಬರ್ನಿಗೆ ಹೋದೆವು. ನಿಜವಾದ ಕಾರಣ ಬಾಕ್ಸಿಂಗ್ ಡೇ ಟೆಸ್ಟ್. ನಮಗೆ ಟಿಕೆಟ್ ಸಿಕ್ಕಿದ್ದು ಮೂರನೆಯ ದಿನಕ್ಕೆ, 28ನೇ ತಾರೀಕಿಗೆ. ಹಿಂದಿನ ದಿನವೇ ರಾಹುಲ್ 24ಕ್ಕೆ ಔಟಾಗಿದ್ದ. "ನಮ್ಮ ಸುರತ್ಕಲ್‌ನ ಹುಡುಗ ಎಷ್ಟು ಹೊಡೆದ?" ಎಂದು ಊರಿನಿಂದ ಅಮ್ಮ ಫೋನಿನಲ್ಲಿ ವಿಚಾರಿಸಿ, ಉತ್ತರ ಕೇಳಿ "ಥೋ" ಎಂದು ಇಟ್ಟುಬಿಟ್ಟರು. ಆದರೆ ನಾವು ಕಂಡದ್ದು ಕಡಿಮೆಯದ್ದಲ್ಲ. ನಿತೀಶ್ ಕುಮಾರ್ ರೆಡ್ಡಿ ತೊಂಬತ್ತರ ಗಡಿಯಲ್ಲಿರುವಾಗ ಬುಮ್ರಾ ಸೊನ್ನೆಗೆ ಹೋದ, ಕೊನೆಯವನಾಗಿ ಸಿರಾಜ್ ಬಂದು ಮೂರು ಚೆಂಡು ತಡೆದ. ಆ ಮೂರು ಚೆಂಡಿಗೆ ಇಡೀ ಮೈದಾನ ಎದ್ದು ನಿಂತಿತ್ತು. ನೂರು ಮುಟ್ಟಿದಾಗ ದೊಡ್ಡ ಪರದೆಯಲ್ಲಿ ಹುಡುಗನ ಅಪ್ಪ ಅಳುತ್ತಿರುವುದು ಕಂಡಿತು. ನಮ್ಮ ಪಕ್ಕ ಕುಳಿತಿದ್ದ ಬಿಳಿಯ ಅಜ್ಜನೂ ಕಣ್ಣೊರೆಸಿಕೊಂಡರು. ಭಾರತ ಆ ಪಂದ್ಯವನ್ನು 184 ರನ್‌ಗಳಿಂದ ಸೋತಿತು ಎಂಬುದು ನಿಮಗೆಲ್ಲ ಗೊತ್ತು. ಐದು ದಿನದಲ್ಲಿ 3,73,691 ಜನ ನೋಡಿದರಂತೆ, ಬ್ರಾಡ್‌ಮನ್ ಕಾಲದ, 1937ರ ದಾಖಲೆ ಮುರಿಯಿತು. ಅದರಲ್ಲಿ ನಾಲ್ಕು ನಾವು. ಹನ್ನೊಂದು ವರ್ಷದ ಮಗ ಅಂಗಿ ಭಾರತದ್ದು, ಟೋಪಿ ಆಸ್ಟ್ರೇಲಿಯಾದ್ದು ಹಾಕಿಕೊಂಡು ಬಂದಿದ್ದ. ಯಾರಿಗೆ ಚಪ್ಪಾಳೆ ಎಂದರೆ "ಚೆನ್ನಾಗಿ ಆಡಿದವರಿಗೆ" ಎಂದು ಜಾರಿಕೊಂಡ.

ಟೋಪಿಯ ಪ್ರಶ್ನೆ ಮುಂದಿನ ತಿಂಗಳು ನಮ್ಮ ತಲೆಗೂ ಬಂತು. ಜನವರಿಯಲ್ಲಿ ನಮಗೆ ಆಸ್ಟ್ರೇಲಿಯಾದ ಪೌರತ್ವವಾಯಿತು.

ಈ ವಿಷಯ ಸ್ವಲ್ಪ ಬಿಡಿಸಿ ಬರೆಯುತ್ತೇವೆ, ಯಾಕೆಂದರೆ ಗಲ್ಫ್‌ನಲ್ಲಿರುವ ಗೆಳೆಯರು ಹೆಚ್ಚು ಕೇಳಿದ್ದೂ ಇದನ್ನೇ. ಅಲ್ಲಿ ನಾವೆಲ್ಲ ಎಷ್ಟು ವರ್ಷ ಇದ್ದರೂ ವೀಸಾ ಕಂಪೆನಿಯದ್ದು, ಮನಸ್ಸು ಊರಿನದ್ದು. ಯಾವತ್ತಾದರೂ ಹೋಗುವವರೇ ಎಂಬುದು ಎಲ್ಲರಿಗೂ ಒಂದೇ. ಅದರಲ್ಲಿ ಒಂದು ನೆಮ್ಮದಿ ಇತ್ತು ಎಂದು ಈಗ ಅನಿಸುತ್ತದೆ. ಇಲ್ಲಿ ಯಾವಾಗ ವಾಪಸು ಹೋಗುತ್ತೀರಿ ಎಂದು ಯಾರೂ ಕೇಳುವುದಿಲ್ಲ. ನಾಲ್ಕು ವರ್ಷ ಕ್ರಮಬದ್ಧವಾಗಿ ವಾಸವಿದ್ದು, ಅದರಲ್ಲಿ ಕೊನೆಯ ಒಂದು ವರ್ಷ ಪರ್ಮನೆಂಟ್ ರೆಸಿಡೆಂಟ್ ಆಗಿದ್ದರೆ ಅರ್ಜಿ ಹಾಕಬಹುದು. ಇಪ್ಪತ್ತು ಪ್ರಶ್ನೆಗಳ ಒಂದು ಪರೀಕ್ಷೆ. ಹದಿನೈದು ಸರಿಯಾಗಬೇಕು, ದೇಶದ ಮೌಲ್ಯಗಳ ಬಗೆಗಿನ ಐದಂತೂ ಒಂದೂ ತಪ್ಪುವಂತಿಲ್ಲ. ಇದು ಸುಲಭದ ಭಾಗ. ಕಷ್ಟದ ಭಾಗವೆಂದರೆ ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಇದನ್ನು ತೆಗೆದುಕೊಂಡ ಕ್ಷಣಕ್ಕೆ ಅದು ಹೋಯಿತು.

2023ರಲ್ಲೇ ಅರ್ಹತೆ ಇತ್ತು, ನಾವು ಒಂದು ವರ್ಷ ಸುಮ್ಮನಿದ್ದೆವು. ನಮ್ಮನ್ನು ಎಬ್ಬಿಸಿದ್ದು ಮಗಳ ಕಾಲೇಜಿನ ಫೀಸು. ಇಲ್ಲಿ ಪರ್ಮನೆಂಟ್ ರೆಸಿಡೆಂಟ್ ಮಕ್ಕಳಿಗೂ ಸರ್ಕಾರದ ರಿಯಾಯಿತಿ ಸೀಟು ಸಿಗುತ್ತದೆ, ಆದರೆ ಫೀಸನ್ನು ಆಯಾ ಸೆಮಿಸ್ಟರಿಗೆ ಮೊದಲೇ ಕಟ್ಟಬೇಕು. ಪ್ರಜೆಯಾದರೆ ಹೆಕ್ಸ್ ಎಂಬ ಸಾಲ: ಓದು ಮುಗಿದು, ಕೆಲಸ ಸಿಕ್ಕಿ, ಸಂಬಳ ಒಂದು ಮಟ್ಟ ದಾಟಿದ ಮೇಲೆ ತೆರಿಗೆಯ ಜೊತೆಗೇ ಮುರಿದುಕೊಳ್ಳುತ್ತಾರೆ. ಅಪ್ಪ ಅಮ್ಮನ ಹಂಗಿಲ್ಲ. ಹೊರಗೆ ಎಷ್ಟೇ ಭಾವನೆಯ ಮಾತಾಡಿದರೂ ಒಳಗೆ ಇಂಥ ಲೆಕ್ಕವೇ ಇರುತ್ತದೆ. ಗಲ್ಫ್‌ಗೆ ಹೋದದ್ದೂ ಲೆಕ್ಕಕ್ಕೇ ಅಲ್ಲವೇ?

ಸಮಾರಂಭ ನಮ್ಮ ಕೌನ್ಸಿಲ್‌ನ ಸಭಾಂಗಣದಲ್ಲಿ. ಪ್ರಮಾಣವಚನ ಎರಡು ಬಗೆಯದ್ದು, ದೇವರ ಹೆಸರಿರುವುದು ಒಂದು, ಇಲ್ಲದ್ದು ಒಂದು. ಬೇಕಾದ್ದು ಆರಿಸಿಕೊಳ್ಳಬಹುದು. ನಮ್ಮಲ್ಲಿ ಒಬ್ಬರು ಅದನ್ನು, ಒಬ್ಬರು ಇದನ್ನು ಹೇಳಿದೆವು. ಸುತ್ತ ನೇಪಾಳದವರು, ಲೆಬನಾನಿನವರು, ಚೀನಾದವರು, ಫಿಲಿಪ್ಪೀನಿನವರು: ಸತ್ವಾದ ಬಸ್ ನಿಲ್ದಾಣದಲ್ಲಿ ಕಾಣುತ್ತಿದ್ದ ಅದೇ ಮುಖಗಳ ಸಾಲು. ಕೊನೆಗೆ ಒಂದೊಂದು ಪುಟ್ಟ ಗಿಡ ಕೊಟ್ಟರು. ಹೊರಗೆ ಬಂದ ಕೂಡಲೇ ಮತದಾರರ ಪಟ್ಟಿಯ ಫಾರಂ.

ಮನೆಗೆ ಬಂದು ಹಳೆ ಪಾಸ್‌ಪೋರ್ಟುಗಳನ್ನು ಮೇಜಿನ ಮೇಲೆ ಹರಡಿದೆವು. ನಮ್ಮಿಬ್ಬರದ್ದೇ ಐದು. ಪುಟ ಪುಟದಲ್ಲಿ ಯುಎಇ ರೆಸಿಡೆನ್ಸ್ ವೀಸಾದ ಅಂಟುಚೀಟಿ, ಬಜ್ಪೆಯ ಮುದ್ರೆ. ಚಾಲ್ತಿಯಲ್ಲಿದ್ದವನ್ನು ಸರೆಂಡರ್ ಸರ್ಟಿಫಿಕೇಟಿಗೆಂದು ಕಳುಹಿಸಿದೆವು. ಅವು ರದ್ದಾದ ಗುರುತು ಹೊತ್ತು ಹಿಂದಿರುಗಿ ಬಂದವು. ಆಮೇಲೆ ಒಸಿಐಗೆ ಅರ್ಜಿ. ಹೊಸ ಪಾಸ್‌ಪೋರ್ಟಿನಲ್ಲಿ ಮಗನ ಹುಟ್ಟೂರು 'ಶಾರ್ಜಾ' ಎಂದೇ ಇದೆ. ಅವನಿಗೆ ಅಷ್ಟೇ ಹೆಮ್ಮೆ, ಉಳಿದದ್ದು ಬೇಡ.

ಇನ್ನು ತೋಟದ ವಿಷಯ. ಪುತ್ತೂರಿನ ಹತ್ತಿರ ಒಂದೂವರೆ ಎಕರೆ ಅಡಿಕೆ ತೋಟ ಅಮ್ಮನ ಹೆಸರಿನಲ್ಲಿದೆ. ಅಮ್ಮ ಎಂದರೆ ನಮ್ಮಲ್ಲಿ ಒಬ್ಬರ ಹೆತ್ತಮ್ಮ, ಇನ್ನೊಬ್ಬರ ಅತ್ತೆ. ಪೌರತ್ವ ಬದಲಾದರೆ ಜಾಗ ಹೋಗುತ್ತದೆ ಎಂದು ಊರಿನಲ್ಲಿ ಯಾರೋ ಅಮ್ಮನ ಕಿವಿಗೆ ಹಾಕಿದ್ದರು. ನಿಮ್ಮಲ್ಲಿ ಎಷ್ಟೋ ಮಂದಿಗೆ ತೋಟ, ಗದ್ದೆ ಇರುವುದರಿಂದ ನಿಯಮ ಏನೆಂದು ಬರೆಯುತ್ತೇವೆ. ಒಸಿಐ ಇರುವವರು ಭಾರತದಲ್ಲಿ ಕೃಷಿ ಜಮೀನು, ತೋಟ, ಫಾರ್ಮ್ ಹೌಸ್ ಕೊಂಡುಕೊಳ್ಳುವಂತಿಲ್ಲ, ದಾನವಾಗಿ ಪಡೆಯುವಂತೆಯೂ ಇಲ್ಲ. ಆದರೆ ಊರಿನಲ್ಲೇ ವಾಸವಿರುವ ತಂದೆ ತಾಯಿಯಿಂದ ವಾರಸಿಕೆಯಾಗಿ ಬಂದರೆ ಅಡ್ಡಿಯಿಲ್ಲ. ಮಾರುವುದಿದ್ದರೆ ಭಾರತದಲ್ಲಿ ವಾಸವಿರುವವರಿಗೇ ಮಾರಬೇಕು. ಇನ್ನೊಂದು ಸಂಗತಿ, ಇದು ಪಾಸ್‌ಪೋರ್ಟ್ ಬದಲಿಸಿದ ನಮ್ಮಂಥವರಿಗೆ ಮಾತ್ರವಲ್ಲ. ಭಾರತದ ಪಾಸ್‌ಪೋರ್ಟಿನಲ್ಲೇ ಇರುವ ಅನಿವಾಸಿಗಳಿಗೂ ಅದೇ ಕಟ್ಟು. ದುಬೈಯಲ್ಲಿದ್ದುಕೊಂಡು ಊರಿನಲ್ಲಿ ತೋಟ ನೋಡುತ್ತಿರುವವರು, ಅಪ್ಪ ದಾನಪತ್ರ ಮಾಡಿಕೊಡುತ್ತೇನೆ ಎಂದರೆ ಮೊದಲು ವಕೀಲರ ಮನೆಗೆ ಹೋಗಿ.

ಇಷ್ಟನ್ನೂ ಅಮ್ಮನಿಗೆ ಫೋನಿನಲ್ಲಿ ವಿವರಿಸಿದೆವು. ಪೂರ್ತಿ ಕೇಳಿ "ಅಂದ್ರೆ ನಾನು ಸತ್ತ ಮೇಲೆ ಸಿಗ್ತದೆ, ಬದುಕಿರುವಾಗ ಕೊಟ್ರೆ ಸಿಗುದಿಲ್ಲ. ಅಷ್ಟೇ ಅಲ್ವಾ? ಒಳ್ಳೆಯ ಕಾನೂನು" ಎಂದರು. ನಗುತ್ತಿದ್ದರೋ ಇಲ್ಲವೋ ತಿಳಿಯಲಿಲ್ಲ.

ಫೆಬ್ರವರಿ ಮೂರನೆಯ ವಾರ ಮಗಳನ್ನು ಮೆಲ್ಬರ್ನಿಗೆ ಬಿಟ್ಟು ಬಂದೆವು, ಕಾರಿನಲ್ಲೇ. ವಿಮಾನದಲ್ಲಿ ಒಂದೂವರೆ ಗಂಟೆ, ಹ್ಯೂಮ್ ಹೆದ್ದಾರಿಯಲ್ಲಿ ಇಡೀ ದಿನ. ಹಾಸಿಗೆ, ಕುಕ್ಕರ್, ಅಕ್ಕಿ, ಎರಡು ಕಿಲೋ ಸಾರಿನ ಪುಡಿ ವಿಮಾನಕ್ಕೆ ಹೇಗೂ ಹಿಡಿಯುವಂಥದ್ದಲ್ಲ. ಅವಳಿಗೆ ಲೈಸೆನ್ಸ್ ಆಗಿತ್ತು. ಅದರ ಹಿಂದೆ ನಮ್ಮ ಎರಡು ವರ್ಷವಿದೆ: ನ್ಯೂ ಸೌತ್ ವೇಲ್ಸ್‌ನಲ್ಲಿ ಇಪ್ಪತ್ತೈದಕ್ಕಿಂತ ಚಿಕ್ಕವರು ಪಕ್ಕದಲ್ಲಿ ದೊಡ್ಡವರನ್ನು ಕೂರಿಸಿಕೊಂಡು 120 ಗಂಟೆ ಓಡಿಸಿ, ಪುಸ್ತಕದಲ್ಲಿ ಬರೆದಿಡಬೇಕು, ಅದರಲ್ಲಿ 20 ಗಂಟೆ ರಾತ್ರಿ ಹೊತ್ತು. ನೂರಿಪ್ಪತ್ತು ಗಂಟೆ ಮಕ್ಕಳ ಜೊತೆ ಒಂದೇ ಕಾರಿನಲ್ಲಿ ಕೂರುವುದು ಬೇರೆ ಯಾವ ದೇಶದಲ್ಲೂ ಸಿಗಲಿಕ್ಕಿಲ್ಲ. ಬೈಗುಳ ಮುಗಿದ ಮೇಲೆ, ಸುಮಾರು ಎಂಬತ್ತನೆಯ ಗಂಟೆಯ ಹೊತ್ತಿಗೆ, ಮಾತು ಶುರುವಾಗುತ್ತದೆ. ಗೌಲ್ಬರ್ನಿನಿಂದ ಯಾಸ್‌ವರೆಗೆ ಅವಳೇ ಓಡಿಸಿದಳು. ಕೆಂಪು ಪಿ ಫಲಕದವರು 90ಕ್ಕಿಂತ ಮೇಲೆ ಹೋಗುವಂತಿಲ್ಲ, ಹೆದ್ದಾರಿ 110ರದ್ದು. ಲಾರಿಗಳೆಲ್ಲ ನಮ್ಮನ್ನು ಹಿಂದೆ ಹಾಕಿಕೊಂಡು ಹೋದವು. ತಡವಾದರೆ ಆಗಲಿ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಗೌಲ್ಬರ್ನಿನಲ್ಲಿ ಹದಿನೈದು ಮೀಟರ್ ಎತ್ತರದ ಕಾಂಕ್ರೀಟ್ ಕುರಿ. ಗುಂಡಗೈ ಬಳಿ ಬುತ್ತಿ ಪೆಟ್ಟಿಗೆಯ ಮೇಲೆ ಕುಳಿತ ನಾಯಿಯ ಪ್ರತಿಮೆ, 1932ರಿಂದ ಅಲ್ಲೇ ಕುಳಿತಿದೆ. ಗುಂಡಗೈ ಎಂದಾಗಲೆಲ್ಲ ಮಗನಿಗೆ ನಗು. ಹೋಲ್‌ಬ್ರೂಕ್ ಎಂಬ ಊರಿನಲ್ಲಿ, ಸಮುದ್ರದಿಂದ ನೂರಾರು ಕಿಲೋಮೀಟರ್ ಒಳಗೆ, ಹುಲ್ಲಿನ ಮೇಲೆ ಒಂದು ಸಬ್‌ಮರೀನ್ ಇಟ್ಟಿದ್ದಾರೆ. ಆಲ್ಬರಿಯಲ್ಲಿ ಮರ್ರೆ ನದಿ ದಾಟಿದರೆ ವಿಕ್ಟೋರಿಯಾ. ಅಲ್ಲಿಂದ ಮುಂದೆ ಕಾರಿನಲ್ಲಿ ಮಾತು ಕಡಿಮೆಯಾಯಿತು.

ಮಗಳ ಮನೆ ಬ್ರನ್ಸ್‌ವಿಕ್‌ನಲ್ಲಿ, ಇನ್ನಿಬ್ಬರು ಹುಡುಗಿಯರ ಜೊತೆ. ಎರಡು ಹೆಜ್ಜೆಗೆ ಒಂದು ದೊಡ್ಡ ರಸ್ತೆ, ಹೆಸರು ಸಿಡ್ನಿ ರೋಡ್. ಹಿಂದೆ ಸಿಡ್ನಿಗೆ ಹೋಗುವ ಹೆದ್ದಾರಿ ಅದೇ ಆಗಿತ್ತು. ಈಗ ಅದರ ಮೇಲೆ 19ನೇ ನಂಬರಿನ ಟ್ರಾಮ್ ಗಂಟೆ ಬಾರಿಸುತ್ತಾ ಓಡುತ್ತದೆ. ಇದೇ ಬಡಾವಣೆ ಯಾಕೆ ಆರಿಸಿದೆ ಎಂದು ಕೇಳಿದ್ದಕ್ಕೆ ಉತ್ತರ ಕೊಡದೆ ನಮ್ಮನ್ನು ಆ ರಸ್ತೆಗೆ ಕರೆದುಕೊಂಡು ಹೋದಳು. ಲೆಬನೀಸ್ ಬೇಕರಿಗಳು, ಒಂದರ ಹಿಂದೆ ಒಂದು. ಬಾಗಿಲು ತೆರೆದರೆ ಝಾತರ್ ಹಾಕಿದ ಮನಾಕೀಶಿನ ಬಿಸಿ ವಾಸನೆ. ಗಲ್ಲಾದಲ್ಲಿ ಕುಳಿತಿದ್ದ ಮುದುಕಪ್ಪನಿಗೆ ಅವಳು ಶಾಲೆಯಲ್ಲಿ ಕಲಿತ ಅರಬ್ಬಿಯಲ್ಲಿ "ಶುಕ್ರನ್" ಎಂದಳು, ಅವರು ನಕ್ಕು ಒಂದು ಹೆಚ್ಚಿಗೆ ಕಟ್ಟಿಕೊಟ್ಟರು. ಶಾರ್ಜಾದ ರೋಲಾದಲ್ಲಿ ಶುಕ್ರವಾರ ಬೆಳಿಗ್ಗೆ ನಾವು ತರುತ್ತಿದ್ದ ತಿಂಡಿ ಅದು. ಅವಳ ಬಾಲ್ಯದ ಊರು ಪುತ್ತೂರೂ ಅಲ್ಲ, ಸಿಡ್ನಿಯೂ ಅಲ್ಲ. ಊರಿನ ಪರಿಮಳ ಎಂದು ನಾವು ಹಲಸಿನ ಹಪ್ಪಳ ಹೊತ್ತುಕೊಂಡು ಹೋಗಿದ್ದೆವು, ಅವಳು ತನ್ನ ಊರಿನ ಪರಿಮಳ ತಾನೇ ಹುಡುಕಿಕೊಂಡಿದ್ದಳು.

ಹಿಂದಿರುಗುವಾಗ ಹಿಂದಿನ ಸೀಟಿನಲ್ಲಿ ಮಗ ಒಬ್ಬನೇ. ಮರ್ರೆ ದಾಟುವವರೆಗೂ ಅವನು ಅಕ್ಕನ ಜಾಗಕ್ಕೆ ಕಾಲು ಚಾಚಲಿಲ್ಲ. ಸಿಡ್ನಿಗೆ ಬಂದ ಮೊದಲ ವಾರ ಊಟಕ್ಕೆ ನಾಲ್ಕು ಬಟ್ಟಲು ತೆಗೆಯುವುದು, ಒಂದನ್ನು ವಾಪಸಿಡುವುದು.

ಮಾರ್ಚ್ ಕೊನೆಗೆ ನಾಲ್ಕನೆಯ ಬಟ್ಟಲಿಗೆ ಜನ ಬಂತು. ಎಪ್ಪತ್ತನಾಲ್ಕರ ಅಮ್ಮ ಬೆಂಗಳೂರಿನಿಂದ ನೇರ ವಿಮಾನದಲ್ಲಿ ಒಬ್ಬರೇ ಬಂದಿಳಿದರು. ಇದು ಅವರ ಎರಡನೆಯ ಭೇಟಿ. ಇಲ್ಲಿ ತಿಂಡಿ ತೀರ್ಥ ಏನು ತಂದರೂ ಕಾರ್ಡಿನಲ್ಲಿ ಬರೆದು ತೋರಿಸಬೇಕು. ಅಮ್ಮ ನಾವು ಹೇಳಿದಂತೆ ಎಲ್ಲಕ್ಕೂ 'ಹೌದು' ಹಾಕಿಸಿದ್ದರು. ಹಪ್ಪಳ ಪಾಸಾಯಿತು. ಹಸಿ ಕೆಸುವಿನ ಗಡ್ಡೆ ನಾಲ್ಕು ಇದ್ದವು, ನಮ್ಮ ಹಿತ್ತಲಿನಲ್ಲಿ ನೆಡಲೆಂದು. ಅವು ತೊಟ್ಟಿಗೆ ಹೋದವು. "ಅವನಿಗೂ ಮನೆಯಲ್ಲಿ ಪತ್ರೊಡೆ ಮಾಡುವ ಆಸೆ ಇರಬಹುದು, ಹೋಗ್ಲಿ" ಎಂದರು ಅಮ್ಮ. ಅವರನ್ನು ಮುಂದಿನ ಶನಿವಾರವೇ ಲಿವರ್‌ಪೂಲ್‌ಗೆ ಕರೆದುಕೊಂಡು ಹೋದೆವು. ಇಂಗ್ಲೆಂಡಿನದ್ದಲ್ಲ, ಸಿಡ್ನಿಯ ಲಿವರ್‌ಪೂಲ್. ಅಲ್ಲಿ ಫಿಜಿಯಿಂದ ಬಂದ ಭಾರತೀಯರ ಅಂಗಡಿಗಳಲ್ಲಿ ಕೆಸುವಿನ ಎಲೆ ಕಟ್ಟು ಕಟ್ಟಾಗಿ ಸಿಗುತ್ತದೆ. ನೂರಕ್ಕೂ ಹೆಚ್ಚು ವರ್ಷದ ಹಿಂದೆ ಕಬ್ಬಿನ ಕೂಲಿಗೆಂದು ಹಡಗು ಹತ್ತಿದವರ ಮೊಮ್ಮಕ್ಕಳು ಅವರು. ಅಂಗಡಿಯಾಕೆಯ ಹಿಂದಿ ನಮಗೆ ಅರ್ಧ ಅರ್ಥವಾಯಿತು, ಅಮ್ಮನಿಗೆ ಒಂದಕ್ಷರವೂ ಇಲ್ಲ. ಆದರೂ ಎಲೆಯ ತುರಿಕೆ ತೆಗೆಯಲು ಹುಣಸೆಹುಳಿ ಎಷ್ಟು ಎಂದು ಇಬ್ಬರೂ ಕೈಸನ್ನೆಯಲ್ಲೇ ಚರ್ಚಿಸಿ ಒಂದು ತೀರ್ಮಾನಕ್ಕೆ ಬಂದರು.

ಏಪ್ರಿಲ್ 14ಕ್ಕೆ ಬಿಸು. ಕನ್ನಡಿ, ತೆಂಗಿನಕಾಯಿ, ಮಗನ ಕನ್ನಡ ಶಾಲೆಯ ಪುಸ್ತಕ ಇಟ್ಟು ಅಮ್ಮ ಕಣಿ ಮಾಡಿದರು. ಗೇರುಹಣ್ಣು ಇಲ್ಲ, ಮಾವೂ ಇಲ್ಲ, ಇಲ್ಲಿ ಮಾವಿನ ಕಾಲ ಮಾರ್ಚ್ ಹೊತ್ತಿಗೇ ಮುಗಿಯುತ್ತಾ ಬರುತ್ತದೆ. ಸೇಬು ಮತ್ತು ಪರ್ಸಿಮನ್ ಇಟ್ಟೆವು. ಇನ್ನೊಂದು ಭಾನುವಾರ ಹೆಲೆನ್ಸ್‌ಬರ್ಗಿನ ವೆಂಕಟೇಶ್ವರ ದೇವಸ್ಥಾನ, ಅಲ್ಲಿಂದ ಸ್ಟಾನ್‌ವೆಲ್ ಟಾಪ್ಸ್‌ನ ಗುಡ್ಡದ ತುದಿ. ಕೆಳಗೆ ಪೂರ್ತಿ ಸಮುದ್ರ. ಅಮ್ಮ ಬಹಳ ಹೊತ್ತು ದಿಕ್ಕು ಲೆಕ್ಕ ಹಾಕಿ "ಇಲ್ಲಿ ಸೂರ್ಯ ಸಮುದ್ರದಿಂದ ಮೇಲೆ ಬರುದಾ? ನಮ್ಮಲ್ಲಿ ಮುಳುಗುದು" ಎಂದರು. ಪಣಂಬೂರಿನಲ್ಲಿ ಮುಳುಗುವುದು ಕಂಡಿದ್ದೆವು, ಜುಮೇರಾದಲ್ಲಿ ಮುಳುಗುವುದು ಕಂಡಿದ್ದೆವು. ಆರು ವರ್ಷ ಇಲ್ಲಿದ್ದರೂ ಈ ಮಾತು ನಮಗೆ ಹೊಳೆದಿರಲಿಲ್ಲ.

ಈಸ್ಟರ್ ರಜೆಯಲ್ಲಿ ಅಮ್ಮನನ್ನು ಕರೆದುಕೊಂಡು ಮತ್ತೆ ಹ್ಯೂಮ್ ಹೆದ್ದಾರಿ. ಟಾರ್ನೀಟ್‌ನಲ್ಲಿ ನಮ್ಮ ಹಳೆಯ ಶಾರ್ಜಾ ನೆರೆಮನೆಯವರಿದ್ದಾರೆ, ಅಲ್ಲೇ ಬಿಡಾರ. ಮೆಲ್ಬರ್ನಿನ ಪಶ್ಚಿಮದ ಆ ಬಡಾವಣೆಗಳಲ್ಲಿ ಸಂಜೆ ನಡೆಯಲು ಹೋದರೆ ನಮ್ಮ ಭಾಷೆಗಳೇ ಕಿವಿಗೆ ಬೀಳುತ್ತವೆ. ಕ್ಯಾರಮ್ ಡೌನ್ಸ್‌ನ ಶಿವ ವಿಷ್ಣು ದೇವಸ್ಥಾನಕ್ಕೆ ಹೋದೆವು. ಪೇಟೆಯ ನಡುವೆ ಟ್ರಾಮ್ ಪುಕ್ಕಟೆ ಎಂದು ಕೇಳಿ ಅಮ್ಮ ಒಂದೇ ಮಧ್ಯಾಹ್ನ ನಾಲ್ಕು ಸಲ ಹತ್ತಿ ಇಳಿದರು. ಬೆಲ್‌ಗ್ರೇವ್‌ನಿಂದ ಪಫಿಂಗ್ ಬಿಲ್ಲಿ ಎಂಬ ಹಳೆಯ ಉಗಿಬಂಡಿ ಕಾಡಿನೊಳಗೆ ಓಡುತ್ತದೆ. ಮಕ್ಕಳು ಕಿಟಕಿಯ ಕಟ್ಟೆ ಮೇಲೆ ಕುಳಿತು ಕಾಲು ಹೊರಗೆ ಇಳಿಬಿಡುತ್ತಾರೆ. ಅಮ್ಮ ಸೀರೆ ಸರಿಮಾಡಿಕೊಂಡು ಒಳಗೇ ಕುಳಿತು, "ಸುಬ್ರಹ್ಮಣ್ಯದಿಂದ ಸಕಲೇಶಪುರಕ್ಕೆ ಹೋಗುವಾಗ ಇದಕ್ಕಿಂತ ಚಂದ ಉಂಟು" ಎಂದು ತೀರ್ಪು ಕೊಟ್ಟರು. ನಮಗೂ ಅದೇ ಅಭಿಪ್ರಾಯ. ಆದರೆ ಟಿಕೆಟಿಗೆ ಅಷ್ಟು ಕೊಟ್ಟ ಮೇಲೆ ಹೇಳಿಕೊಳ್ಳಲಾಗುವುದಿಲ್ಲ.

ಬ್ರನ್ಸ್‌ವಿಕ್‌ನ ಅಡಿಗೆಮನೆಯಲ್ಲಿ ಮೊಮ್ಮಗಳು ಅಜ್ಜಿಗೆ ನೀರು ದೋಸೆ ಹೊಯ್ದು ಬಡಿಸಿದಳು. ಮೊದಲ ಮೂರು ಹರಿದವು. ಅಜ್ಜಿ ಅವನ್ನೇ ತಿಂದರು.

ಅಂದು ರಾತ್ರಿ ಎಲ್ಲರೂ ಇದ್ದಾಗ ವೀಸಾದ ಮಾತು ತೆಗೆದೆವು. ಹಿನ್ನೆಲೆ ಹೇಳಬೇಕು. 2020ರ ಮಾರ್ಚ್‌ನಿಂದ 2021ರ ನವೆಂಬರ್‌ವರೆಗೆ ಆಸ್ಟ್ರೇಲಿಯಾದ ಗಡಿ ಮುಚ್ಚಿತ್ತು, ಹೊರಗೆ ಹೋಗಲಿಕ್ಕೂ ಅನುಮತಿ ಬೇಕಿತ್ತು. 2021ರ ಏಪ್ರಿಲ್ ಕೊನೆಗೆ ಭಾರತದಿಂದ ಬರುವ ವಿಮಾನಗಳನ್ನೇ ನಿಲ್ಲಿಸಿದರು. ಮೇ ತಿಂಗಳ ಮೊದಲ ವಾರ ನಮ್ಮ ಅಪ್ಪ ತೀರಿಕೊಂಡರು. ಬೆಂಕಿ ಕೊಟ್ಟದ್ದು ಭಾವ, ನಾವು ನೋಡಿದ್ದು ಫೋನಿನಲ್ಲಿ. ಉತ್ತರಕ್ರಿಯೆಯ ದಿನ ಅಮ್ಮ ಒಮ್ಮೆ ಕ್ಯಾಮೆರಾದ ಹತ್ತಿರ ಬಂದು "ಊಟ ಮಾಡಿದ್ರಾ?" ಎಂದು ಕೇಳಿ ಹೋದರು. ಶಾರ್ಜಾದಲ್ಲಿದ್ದಾಗ ಮಂಗಳೂರು ಮೂರೂವರೆ ಗಂಟೆಯ ದಾರಿ ಎಂಬ ಧೈರ್ಯದಲ್ಲಿ ಇದ್ದವರು ನಾವು. ಅದರ ನಂತರ ಅಮ್ಮ ಒಬ್ಬರೇ ಆ ಮನೆಯಲ್ಲಿರುವುದು ನಮಗೆ ಯಾವ ರಾತ್ರಿಯೂ ಸುಮ್ಮನೆ ಮಲಗಲು ಬಿಟ್ಟಿಲ್ಲ. ತಂಗಿ ಮಂಗಳೂರಿನಲ್ಲಿದ್ದಾಳೆ, ವಾರಕ್ಕೊಮ್ಮೆ ಹೋಗುತ್ತಾಳೆ, ಅಷ್ಟೇ ಸಾಧ್ಯ.

ಆದ್ದರಿಂದ ದಾರಿಗಳನ್ನೆಲ್ಲ ಮುಂದಿಟ್ಟೆವು. ಮಕ್ಕಳಲ್ಲಿ ಅರ್ಧದಷ್ಟಾದರೂ ಇಲ್ಲಿ ನೆಲೆಸಿರಬೇಕು, ನಾವು ಇಬ್ಬರಲ್ಲಿ ಒಬ್ಬರು, ಸರಿಹೋಗುತ್ತದೆ. ಹಣ ಕಟ್ಟುವ ಪೇರೆಂಟ್ ವೀಸಾಕ್ಕೆ ಒಬ್ಬರಿಗೆ 48 ಸಾವಿರ ಡಾಲರ್ ಆಸುಪಾಸು, ಸರದಿ ಹತ್ತು ವರ್ಷಕ್ಕೂ ಮಿಗಿಲು. ಹಣ ಕಡಿಮೆಯ ಸಾಲಿನಲ್ಲಿ ನಿಂತರೆ ಈಗ ಹೇಳುವ ಅಂದಾಜು 30 ವರ್ಷಕ್ಕೂ ಹೆಚ್ಚು. 870 ಎಂಬ ತಾತ್ಕಾಲಿಕ ವೀಸಾ 2019ರಿಂದ ಇದೆ, ಒಂದು ಸಲಕ್ಕೆ ಮೂರು ಅಥವಾ ಐದು ವರ್ಷ, ಒಟ್ಟು ಹತ್ತಕ್ಕೆ ಮೀರುವಂತಿಲ್ಲ. ನಾವು ಹೇಳುತ್ತಿದ್ದದ್ದು ಇದನ್ನೇ.

ಅಮ್ಮ ಮೂವತ್ತು ವರ್ಷದ್ದು ಕೇಳಿ ಮೊದಲು ನಕ್ಕರು. "ನನಗೆ ಆಗ ನೂರ ನಾಲ್ಕು. ಮೊಮ್ಮಗಳೇ ಬಂದು ಏರ್‌ಪೋರ್ಟಿನಿಂದ ಕರ್ಕೊಂಡು ಹೋಗ್ಬೇಕು." ಆಮೇಲೆ 870ಕ್ಕೆ ಬಂದರು. "ಐದು ವರ್ಷ ಇಲ್ಲಿ ಕೂತು ನಾನು ಎಂತ ಮಾಡುದು? ನೀವು ಎಂಟಕ್ಕೆ ಹೋಗ್ತೀರಿ, ಆರಕ್ಕೆ ಬರ್ತೀರಿ. ಅಲ್ಲಿ ನಾನು ಒಬ್ಬಳೇ ಅಂತ ನಿಮಗೆ ಬೇಸರ. ಇಲ್ಲಿ ನಾನು ಹತ್ತು ಗಂಟೆ ಒಬ್ಬಳೇ. ಅಲ್ಲಿ ಒಬ್ಬಳೇ ಇದ್ರೆ ತೋಟ ಉಂಟು." ಮಗಳು ಅಜ್ಜಿಯ ಪರ ಎಂದು ಮುಖ ನೋಡಿದರೇ ತಿಳಿಯುತ್ತಿತ್ತು. ನಾವು ಏನೋ ಹೇಳಹೊರಟಾಗ ಅಮ್ಮ, "ಮೇ ಕೊನೆಗೆ ಮದ್ದು ಬಿಡ್ಬೇಕು. ಜನ ಹೇಳಿ ಬಂದಿದ್ದೇನೆ" ಎಂದು ಎದ್ದರು. ಅಡಿಕೆಯವರ ಮನೆಯವರಿಗೆ ಇದರ ಮೇಲೆ ಮಾತಿಲ್ಲ. ಮಳೆ ಹಿಡಿಯುವ ಮೊದಲು ಗೊನೆಗೆ ಮೈಲುತುತ್ತು ಸುಣ್ಣದ ದ್ರಾವಣ ಬೀಳದಿದ್ದರೆ ಕೊಳೆರೋಗ ಬಂದು ಇಡೀ ವರ್ಷದ ಫಸಲು ಉದುರುತ್ತದೆ.

ಹೋಗುವ ಮೊದಲು ಅಮ್ಮ ನಮ್ಮ ಮೊದಲ ಮತದಾನ ನೋಡಿದರು. ಮೇ 3ರ ಶನಿವಾರ, ಹತ್ತಿರದ ಪ್ರಾಥಮಿಕ ಶಾಲೆಯಲ್ಲಿ. ಇಲ್ಲಿ ಮತ ಹಾಕುವುದು ಕಡ್ಡಾಯ, ಹಾಕದಿದ್ದರೆ ದಂಡ 20 ಡಾಲರ್. ಒಳಗೆ ಹೆಸರು ವಿಳಾಸ ಕೇಳಿ ಒಂದು ಹಸಿರು ಚೀಟಿ, ಮೇಜುಬಟ್ಟೆಯಷ್ಟು ಉದ್ದದ ಒಂದು ಬಿಳಿ ಚೀಟಿ ಕೊಟ್ಟರು. ಹಸಿರಿನಲ್ಲಿ ಅಭ್ಯರ್ಥಿಗಳಿಗೆಲ್ಲ 1, 2, 3 ಎಂದು ನಮ್ಮ ಇಷ್ಟದ ಕ್ರಮದಲ್ಲಿ ಅಂಕೆ ಹಾಕಬೇಕು, ಯಾರೂ ಬೇಡವೆನಿಸಿದವರಿಗೂ ಕೊನೆಯ ಅಂಕೆ ಹಾಕಲೇಬೇಕು. ಬರೆಯಲು ಪೆನ್ಸಿಲ್. ಹೊರಗೆ ಅಮ್ಮ ನಮ್ಮ ಬೆರಳು ಹಿಡಿದು ನೋಡಿದರು. "ಶಾಯಿ ಹಾಕ್ಲಿಲ್ವಾ? ಗುರುತಿನ ಚೀಟಿಯೂ ಕೇಳ್ಲಿಲ್ವಾ? ಮತ್ತೆ ಪುನಃ ಹೋಗಿ ಹಾಕ್ಬಹುದಲ್ಲ!" ಮೈಸೂರಿನ ಬಣ್ಣ ಮತ್ತು ಅರಗಿನ ಕಾರ್ಖಾನೆಯ ಶಾಯಿ 1962ರಿಂದ ಭಾರತದ ಚುನಾವಣೆಗಳಲ್ಲಿ ಬೆರಳಿಗೆ ಬೀಳುತ್ತಿದೆ, ಬೇರೆ ದೇಶಗಳಿಗೂ ಹೋಗುತ್ತದೆ, ಇಲ್ಲಿಗೆ ಬಂದಿಲ್ಲ. ಶಾಲೆಯ ಅಂಗಳದಲ್ಲಿ ಸಾಸೇಜ್ ಸುಡುತ್ತಿದ್ದರು, ಮತ ಹಾಕಿದವರು ಅದನ್ನು ತಿನ್ನುವುದು ಇಲ್ಲಿನ ಸಂಪ್ರದಾಯ. ನಮಗೆ ಬ್ರೆಡ್ಡಿನಲ್ಲಿ ಬರೀ ಈರುಳ್ಳಿ. ಮಗಳು ಮೆಲ್ಬರ್ನಿನಲ್ಲೇ ಹೊರರಾಜ್ಯದವರ ಕೇಂದ್ರದಲ್ಲಿ ಹಾಕಿ ಫೋಟೋ ಕಳುಹಿಸಿದಳು.

ಯುಎಇಯಲ್ಲಿ ಇದ್ದಷ್ಟು ವರ್ಷ ನಾವು ಊರಿನಲ್ಲಿ ಮತ ಹಾಕಿದ್ದು ಒಂದೇ ಸಲ, ರಜೆ ಕೂಡಿಬಂದಿದ್ದರಿಂದ. ಇನ್ನು ಅಲ್ಲಿ ಹಾಕುವಂತೆಯೇ ಇಲ್ಲ. ಅಮ್ಮನಿಗೆ ಇದು ಗೊತ್ತಾದದ್ದು ಆ ಶಾಲೆಯ ಅಂಗಳದಲ್ಲಿ. "ಹಾಗಾದ್ರೆ ಮನೆ ನಂಬ್ರದಲ್ಲಿ ಇನ್ನು ನನ್ನದೊಂದೇ ಓಟು" ಎಂದರು. ಹೌದು ಎಂದೆವು. ಈರುಳ್ಳಿ ಬ್ರೆಡ್ಡು ಮುಗಿಸಿ, "ಹೋಗುವಾ, ಬಿಸಿಲು ಬಂತು" ಎಂದರು.

ಮೇ ಮಧ್ಯದಲ್ಲಿ ಹೊರಟರು. ಮದ್ದು ಬಿಡಲು ಈ ವರ್ಷ ಮರ ಹತ್ತುವವರಲ್ಲ, ಕೆಳಗೇ ನಿಂತು ಫೈಬರ್ ದೋಟಿಯಲ್ಲಿ ಸಿಂಪಡಿಸುವ ಹುಡುಗರು ಬಂದರಂತೆ. ಎರಡನೆಯ ಮದ್ದಿಗೆ ಜುಲೈಯಲ್ಲಿ ಮಳೆ ಬಿಡಲಿಲ್ಲ, ಸ್ವಲ್ಪ ಕೊಳೆ ಬಂತು, ಸ್ವಲ್ಪವೇ ಎಂದು ಅಮ್ಮ ಹೇಳುತ್ತಾರೆ. ತಂಗಿ ಹೇಳುವುದು ಬೇರೆ.

ಉಳಿದ ಸುದ್ದಿ ಬೇಗ ಮುಗಿಸುತ್ತೇವೆ. ಚಳಿಗಾಲದ ರಜೆಗೆ ಮಗಳು ರಾತ್ರಿ ರೈಲಿನಲ್ಲಿ, ಸುಮಾರು 11 ಗಂಟೆ ಕುಳಿತುಕೊಂಡೇ, ಬಂದು ಹತ್ತು ದಿನ ಇದ್ದಳು. ಬಟ್ಟಲು ತಾನೇ ತೊಳೆದಿಟ್ಟಳು, ಮೊದಲು ಹಾಗಿರಲಿಲ್ಲ. ಮಗ ಶಾಲೆಯ ಪ್ರವಾಸದಲ್ಲಿ ಕ್ಯಾನ್‌ಬೆರಾಕ್ಕೆ ಹೋಗಿ ಪಾರ್ಲಿಮೆಂಟ್ ನೋಡಿ ಬಂದ. ಭಾನುವಾರದ ಕನ್ನಡ ಶಾಲೆಯಲ್ಲಿ ಒತ್ತಕ್ಷರಕ್ಕೆ ಬಂದಿದ್ದಾನೆ. ಅಜ್ಜಿಗೆ ಬರೆದ ಪತ್ರದಲ್ಲಿ 'ಅಡ್ಡಿಯಿಲ್ಲ' ಎಂಬ ಪದಕ್ಕೆ ಒತ್ತು ಸರಿಯಾಗಿ ಬಂದಿತ್ತೆಂದು ಅಜ್ಜಿ ಫೋನು ಮಾಡಿ ಹೇಳಿದರು. ಕೌನ್ಸಿಲ್ ಕೊಟ್ಟ ಗಿಡ ಕುಂಡದಿಂದ ನೆಲಕ್ಕೆ ಹೋಗಿದೆ, ಒಂದು ಸುತ್ತು ಹೂವೂ ಬಿಟ್ಟಿತು. ದೀಪಾವಳಿಗೆ ಪಟಾಕಿ ಇಲ್ಲ, ಇಲ್ಲಿ ಮನೆಯಂಗಳದಲ್ಲಿ ಸಿಡಿಸುವಂತಿಲ್ಲ. ಎಣ್ಣೆಸ್ನಾನ ಮತ್ತು ಮೂವರ ಊಟ.

ಅಕ್ಟೋಬರ್ 5ರಿಂದ ಗಡಿಯಾರ ಮುಂದಾಗಿದೆ. ನಾವು ಈಗ ಊರಿಗಿಂತ ಐದೂವರೆ ಗಂಟೆ, ನಿಮಗಿಂತ ಏಳು ಗಂಟೆ ಮುಂದೆ. ಫೋನ್ ಮಾಡುವವರು ನೋಡಿಕೊಂಡು ಮಾಡಿ. ಡಿಸೆಂಬರ್ ಮೂರನೆಯ ವಾರ ನಾಲ್ವರೂ ಪುತ್ತೂರಿಗೆ ಹೊರಟಿದ್ದೇವೆ. ಅಡಿಕೆ ಕೊಯ್ಲು, ಜೊತೆಗೆ ವಕೀಲರನ್ನು ಕಂಡು ಅಮ್ಮನ ವೀಲುನಾಮೆ ಬರೆಸುವ ಕೆಲಸವೂ ಇದೆ, ಅದು ಅಮ್ಮನದೇ ಒತ್ತಾಯ. ಹೋಗುವಾಗ ದುಬೈಯಲ್ಲಿ ಮೂರು ದಿನ ಇಳಿಯುತ್ತೇವೆ. ಹೊಸ ಪಾಸ್‌ಪೋರ್ಟಿಗೆ ಅಲ್ಲಿ ಇಳಿದ ಮೇಲೆಯೇ ವೀಸಾ, ಪಿಆರ್‌ಓ ಹಿಂದೆ ಓಡಬೇಕಾಗಿಲ್ಲ. ಮಕ್ಕಳಿಗೆ ಶಾರ್ಜಾದ ಹಳೆಯ ಕಟ್ಟಡ ತೋರಿಸಬೇಕು. ಇನ್ನೂ ಇದೆಯೇ ಎಂದು ಯಾರಾದರೂ ಆ ಕಡೆ ಹೋದವರು ನೋಡಿ ತಿಳಿಸಿ. ಶುಕ್ರವಾರ ಸಂಜೆ ಕರಾಮಾದಲ್ಲಿ ಇರುತ್ತೇವೆ, ಬರುವವರು ಸಂಪಾದಕರಿಗೆ ಹೇಳಿಡಿ. ಹಪ್ಪಳ ತರುವುದು ವಾಪಸು ಬರುವಾಗ.